ಗಿರಣಿ ಯಾರದು, ಬೀಗದ ಕೈ ಯಾರ ಹತ್ತಿರ?

ಪ್ರಶ್ನೆ: ನಾವು ಮಧುಗಿರಿ ತಾಲ್ಲೂಕಿನ ಅಕ್ಕಪಕ್ಕದ ಮೂರು ಹಳ್ಳಿಗಳ ಹದಿನಾಲ್ಕು ಮಂದಿ. ಒಂಬತ್ತು ಹೆಣ್ಣುಮಕ್ಕಳು, ಐದು ಹುಡುಗರು, ಎಲ್ಲರೂ 30ರ ಒಳಗಿನವರು. ಮನೆಗಳಲ್ಲಿ ನವಣೆ, ಸಾಮೆ, ಕೊರಲೆ ಬೆಳೆಯುತ್ತಾರೆ. ಸುಗ್ಗಿಯಲ್ಲಿ ವ್ಯಾಪಾರಿ ಹೇಳಿದ ಬೆಲೆಗೆ ಕೊಡುತ್ತಾರೆ, ಅದೇ ಧಾನ್ಯ ಸಿಪ್ಪೆ ತೆಗೆದ ಅಕ್ಕಿಯಾಗಿ ಬೆಂಗಳೂರಿನ ಅಂಗಡಿಯಲ್ಲಿ ಮೂರು ಪಟ್ಟು ಬೆಲೆಗೆ ಸಿಗುತ್ತದೆ. ನಮ್ಮದೇ ಗಿರಣಿ ಹಾಕಬೇಕು, ಅದು ನ್ಯಾಯವಾಗಿ ನಡೆಯಬೇಕು, ಭೂಮಿಗೂ ಒಳ್ಳೆಯದಾಗಬೇಕು ಎಂಬ ಆಸೆ. ಪರಿಚಯದವರೊಬ್ಬರು 51% ಷೇರು ಕೊಟ್ಟರೆ 10 ಲಕ್ಷ ಹಾಕುತ್ತೇನೆ ಎಂದಿದ್ದಾರೆ. ಊರ ಹಿರಿಯರು ದೊಡ್ಡ ಹಿಡುವಳಿದಾರರೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಹೆಸರಲ್ಲಿ ಪಹಣಿ ಇಲ್ಲ. ಕಂಪನಿ ಮಾಡುವುದೋ, ಸಹಕಾರಿಯೋ, ಸ್ವಸಹಾಯ ಸಂಘವೇ ಸಾಕೋ?

ಉತ್ತರ: ಮೊದಲು 51%ರ ವಿಷಯ ಮುಗಿಸೋಣ, ಏಕೆಂದರೆ ಉಳಿದ ಎಲ್ಲದಕ್ಕೂ ಅದೇ ತಳಪಾಯ. ಸಾಮಾನ್ಯ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಮತ ಇರುವುದು ಮನುಷ್ಯರಿಗಲ್ಲ, ಷೇರಿಗೆ. ಅರ್ಧಕ್ಕಿಂತ ಹೆಚ್ಚು ಷೇರು ಇರುವವರು ಸಾಮಾನ್ಯ ನಿರ್ಣಯವೊಂದರಿಂದ ನಿರ್ದೇಶಕರನ್ನು ತೆಗೆಯಬಹುದು, ಬೇರೆಯವರನ್ನು ಕೂರಿಸಬಹುದು. ಅಂದರೆ ನೀವು ಹದಿನಾಲ್ಕೂ ಜನ ಒಂದೇ ಮಾತಿಗೆ ನಿಂತರೂ ಆ ಒಬ್ಬರ ಕೈ ಮೇಲಾಗುತ್ತದೆ. ಅವರು ಎಷ್ಟೇ ಒಳ್ಳೆಯವರಿರಲಿ, ನಾಳೆ ಅವರು ಷೇರನ್ನು ಮಾರಿದರೆ ಕೊಂಡವರು ಒಳ್ಳೆಯವರೇ ಆಗಿರಬೇಕೆಂದಿಲ್ಲ. ಆದ್ದರಿಂದ ಬೇಡ ಅನ್ನಿ, ಆದರೆ ಅವರನ್ನು ಕಳೆದುಕೊಳ್ಳಬೇಡಿ. ಅವರ ಹಣವನ್ನು ಬೇರೆ ದಾರಿಯಲ್ಲಿ ಬಳಸಿಕೊಳ್ಳಬಹುದು, ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಯಂತ್ರ, ಹಣ, ಅಧ್ಯಕ್ಷಗಿರಿ ಎಲ್ಲ ಇದೆ, ಲೆಕ್ಕ ಮಾತ್ರ ಇಲ್ಲ. ಲೆಕ್ಕದಿಂದಲೇ ಶುರು ಮಾಡಬೇಕು. ಎಷ್ಟು ಮನೆಗಳು ಸೇರಬೇಕು, ಎಷ್ಟು ಹಣ ಬೇಕು, ಯಾರಿಗೆ ಅಧಿಕಾರ ಇರಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ.

ಒಂದು ಕ್ವಿಂಟಲ್ ನವಣೆ ಹಿಡಿಯೋಣ. ಬೆಲೆಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ಈ ವರ್ಷದ ಬೆಲೆ ಹಾಕಿ ಮತ್ತೆ ಲೆಕ್ಕ ಮಾಡಿ. ಹೊಲದಲ್ಲಿ ಕೆ.ಜಿ.ಗೆ 35 ರೂಪಾಯಿಯಂತೆ 3,500. ಗಿರಣಿಗೆ ಸಾಗಣೆ 150. ಸ್ವಚ್ಛ ಮಾಡುವ ಕೂಲಿ 100. ಸಿಪ್ಪೆ ತೆಗೆಯಲು ಕರೆಂಟು, ಕೂಲಿ, ಬಿಡಿಭಾಗ, ಯಂತ್ರದ ಸವಕಳಿ ಎಲ್ಲ ಸೇರಿ 500. ಕಲ್ಲು, ದೂಳು, ಸಿಪ್ಪೆ, ನುಚ್ಚು ಹೋಗಿ ಕೈಗೆ ಸಿಗುವ ಅಕ್ಕಿ 62 ಕೆ.ಜಿ. ಎಂದುಕೊಳ್ಳೋಣ. ಪ್ಯಾಕಿಂಗ್ ಕೆ.ಜಿ.ಗೆ 4 ರೂಪಾಯಿ, ಅಂಗಡಿಗೆ ಸಾಗಣೆ 3 ರೂಪಾಯಿ. ಎರಡೂ ಸೇರಿ 434. ದಾಸ್ತಾನು ನಾಲ್ಕು ತಿಂಗಳು ಕೂತರೆ 12%ರಂತೆ ಬಡ್ಡಿ 140. ಒಟ್ಟು 4,824, ಅಂದರೆ ಅಕ್ಕಿಗೆ ಕೆ.ಜಿ.ಗೆ 78 ರೂಪಾಯಿ ಹತ್ತಿರ. ಅಂಗಡಿಗೆ 90ಕ್ಕೆ ಕೊಟ್ಟರೆ 5,580, ಮೂರು ಕೆ.ಜಿ. ನುಚ್ಚಿಗೆ 75. ಉಳಿಯುವುದು ಕ್ವಿಂಟಲಿಗೆ 831 ರೂಪಾಯಿ.

ಈಗ ಗಿರಣಿ ನಡೆದರೂ ನಿಂತರೂ ತಪ್ಪದ ಖರ್ಚು ನೋಡಿ. ವ್ಯವಸ್ಥಾಪಕರ ಸಂಬಳ ತಿಂಗಳಿಗೆ 20,000, ಬಾಡಿಗೆ 5,000, ಆಡಿಟು ಮತ್ತು ಸರ್ಕಾರಕ್ಕೆ ಸಲ್ಲಿಸುವ ಕಾಗದಪತ್ರಕ್ಕೆ 5,000 ಎಂದಿಟ್ಟರೂ ವರ್ಷಕ್ಕೆ 3,60,000. ಅದನ್ನು 831ರಿಂದ ಭಾಗಿಸಿದರೆ 433 ಕ್ವಿಂಟಲ್. ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುವ ಗೆರೆ ಅದು. ಮಳೆಯಾಶ್ರಯದಲ್ಲಿ ಎಕರೆಗೆ ನಾಲ್ಕು ಕ್ವಿಂಟಲಿನಂತೆ, ಮನೆಗೆ ಎರಡು ಎಕರೆ ಹಿಡಿದರೆ ಒಂದು ಮನೆಯಿಂದ ಬರುವುದು 8 ಕ್ವಿಂಟಲ್. ನಿಮ್ಮ ಹದಿನಾಲ್ಕು ಮನೆಗಳು ಸೇರಿ 112. ಕನಿಷ್ಠ 55 ಮನೆಗಳು ಬೇಕು.

ಹಾಗಾಗಿ ನಿಮ್ಮ ಗುಂಪು ಗಿರಣಿಯ ಮಾಲೀಕರ ಗುಂಪಲ್ಲ, ಗಿರಣಿಯನ್ನು ಕಟ್ಟುವ ಗುಂಪು. ಮಾಲೀಕರು 55-60 ಮನೆಗಳವರು. ಇದನ್ನು ಮೊದಲ ದಿನವೇ ಒಪ್ಪಿಕೊಳ್ಳದೆ, ಷೇರೆಲ್ಲ ಹದಿನಾಲ್ಕು ಜನರಲ್ಲೇ ಇಟ್ಟುಕೊಂಡು ಉಳಿದವರನ್ನು ಬರೀ ಮಾಲು ಕೊಡುವವರಾಗಿ ನೋಡಿದರೆ, ಊರಿನವರ ಕಣ್ಣಿಗೆ ನೀವು ಇನ್ನೊಬ್ಬ ವ್ಯಾಪಾರಿ ಅಷ್ಟೆ. ಆಗ ಹತ್ತು ರೂಪಾಯಿ ಜಾಸ್ತಿ ಕೊಟ್ಟವರ ಕಡೆಗೆ ಅವರು ಹೋದರೆ ತಪ್ಪು ಹೇಳುವಂತಿಲ್ಲ.

ಇನ್ನೊಂದು ಅಂಕಿ ನೋಡಿ. 62 ಕೆ.ಜಿ. ಅಕ್ಕಿಯ ಬದಲು 55 ಮಾತ್ರ ಬಂತು, ನುಚ್ಚು 8 ಕೆ.ಜಿ. ಆಯಿತು ಎಂದುಕೊಳ್ಳಿ. ಕ್ವಿಂಟಲಿಗೆ ಉಳಿಯುವುದು 831ರಿಂದ 375ಕ್ಕೆ ಇಳಿಯುತ್ತದೆ. ಗೆರೆ 433ರಿಂದ 960 ಕ್ವಿಂಟಲಿಗೆ ಏರುತ್ತದೆ. ಏಳು ಕೆ.ಜಿ. ಅಕ್ಕಿ ಇಡೀ ಸಂಸ್ಥೆಯನ್ನು ಮುಳುಗಿಸಬಲ್ಲದು. ಅದಕ್ಕೇ ಯಂತ್ರದ ವಿಷಯ ವಿವರವಾಗಿ ಹೇಳುತ್ತೇನೆ.

ಅಕ್ಕಿ ಎಲ್ಲಿ ಕಳೆಯುತ್ತದೆ

ನಷ್ಟ ಶುರುವಾಗುವುದು ಗಿರಣಿಯಲ್ಲಲ್ಲ, ಕಣದಲ್ಲಿ. ಧಾನ್ಯವನ್ನು ಟಾರು ರಸ್ತೆಯಲ್ಲಿ ಹರಡಿ ವಾಹನ ಓಡಿಸಿ ಒಕ್ಕಿದರೆ ಕಾಳಿನಷ್ಟೇ ಗಾತ್ರದ ಕಲ್ಲು ಸೇರಿಕೊಳ್ಳುತ್ತದೆ. ಜರಡಿ ಬೇರ್ಪಡಿಸುವುದು ಗಾತ್ರ ನೋಡಿ, ಹಾಗಾಗಿ ಈ ಕಲ್ಲು ಅಲ್ಲಿ ಸಿಕ್ಕಿಬೀಳುವುದಿಲ್ಲ. ಗಾಳಿ ಮತ್ತು ಕಂಪನದಿಂದ ಭಾರ ನೋಡಿ ಬೇರ್ಪಡಿಸುವ ಡಿಸ್ಟೋನರ್ ಬೇಕು, ಅದರಲ್ಲೂ ಒಂದಿಷ್ಟು ಒಳ್ಳೆಯ ಕಾಳು ಕಲ್ಲಿನ ಜೊತೆ ಹೋಗುತ್ತದೆ. ಟಾರ್ಪಾಲಿನ ಮೇಲೆ ಒಕ್ಕಿದ ಮಾಲಿಗೆ ಕೆ.ಜಿ.ಗೆ ಒಂದು ರೂಪಾಯಿ ಹೆಚ್ಚು ಕೊಡುವುದು, ಕಲ್ಲು ಬಿದ್ದ ಮಾಲನ್ನು ಸರಿಮಾಡುವುದಕ್ಕಿಂತ ಅಗ್ಗ. ಗ್ರಾಮ ಪಂಚಾಯಿತಿಯಿಂದ ಗಿರಣಿ ಕೇಳುವ ಬದಲು ಒಕ್ಕಣೆ ಕಣ ಕೇಳಿ. ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಹೆಸರು ಹೇಳಿ, ಸರ್ವೆ ನಂಬರು ಹೇಳಿ ನಿರ್ಣಯ ಬರೆಸಿ. ಕಣ ಎಲ್ಲರ ಆಸ್ತಿ, ಅದನ್ನು ವಿರೋಧಿಸುವವರು ಕಡಿಮೆ.

ಎರಡನೆಯದು ತೇವ. 10ರಿಂದ 12% ಇರಬೇಕು. ಹೆಚ್ಚಿದ್ದರೆ ಸಿಪ್ಪೆ ಬಿಡುವುದಿಲ್ಲ, ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ತೀರಾ ಒಣಗಿದ್ದರೆ ಕಾಳು ಒಡೆದು ನುಚ್ಚಾಗುತ್ತದೆ. ಹಲ್ಲಲ್ಲಿ ಕಡಿದು ನೋಡುವ ಅಭ್ಯಾಸ ಒಳ್ಳೆಯದೇ, ಆದರೆ ಹಣದ ವ್ಯವಹಾರಕ್ಕೆ ಅದು ಸಾಲದು. ತೇವ ಅಳೆಯುವ ಮೀಟರು ಕೊಳ್ಳಿ, ಅದನ್ನು ರೈತರ ಕಣ್ಣೆದುರೇ ಇಟ್ಟು ಓದಿ.

ಮೂರನೆಯದು, ಗಾತ್ರ ವಿಂಗಡಣೆ. ದಪ್ಪ ಕಾಳು, ಸಣ್ಣ ಕಾಳು ಒಟ್ಟಿಗೆ ಹೋದರೆ ಒಂದು ಒಡೆಯುತ್ತದೆ, ಇನ್ನೊಂದು ಸಿಪ್ಪೆ ಸಮೇತ ಹೊರಬರುತ್ತದೆ. ಯಂತ್ರದ ವೇಗ ಜಾಸ್ತಿ ಮಾಡಿ ಒಂದೇ ಸಲಕ್ಕೆ ಎಲ್ಲ ಸಿಪ್ಪೆ ತೆಗೆಯಲು ಹೋಗುವುದೇ ನುಚ್ಚಿಗೆ ದೊಡ್ಡ ಕಾರಣ. ಮಧ್ಯಮ ವೇಗದಲ್ಲಿ ಬಿಟ್ಟು, ಸಿಪ್ಪೆ ಉಳಿದ ಕಾಳನ್ನು ಬೇರ್ಪಡಿಸಿ ಮತ್ತೊಮ್ಮೆ ಬಿಡುವುದು ಸರಿ. ನವಣೆ, ಸಾಮೆಗಿಂತ ಕೊರಲೆ ಕಷ್ಟ: ಸಿಪ್ಪೆ ಬಿಗಿ. ಹಾರಕ ಎಲ್ಲಕ್ಕಿಂತ ಕಷ್ಟ. ಯಂತ್ರ ಕೊಳ್ಳುವ ಮುನ್ನ ನಿಮ್ಮದೇ ಹೊಲದ ಮೂರೂ ಧಾನ್ಯ ಐವತ್ತೈವತ್ತು ಕೆ.ಜಿ. ಒಯ್ದು, ಎದುರಿಗೆ ನಿಂತು ಓಡಿಸಿ, ಅಕ್ಕಿ, ನುಚ್ಚು, ಸಿಪ್ಪೆ ಬಿಡದ ಕಾಳು ಮೂರನ್ನೂ ಬೇರೆ ಬೇರೆ ತೂಗಿಸಿ ಬರೆದುಕೊಳ್ಳಿ. ಮಾರುವವರು ಕರಪತ್ರದಲ್ಲಿ ಬರೆದ ಅಂಕಿಯನ್ನು ಲೆಕ್ಕಕ್ಕೆ ಹಾಕಬೇಡಿ.

ಸಿಪ್ಪೆ ತೆಗೆದ ಅಕ್ಕಿ ಬಹಳ ದಿನ ಇರುವುದಿಲ್ಲ. ಪಾಲಿಶ್ ಮಾಡದ ಅಕ್ಕಿಯ ತವುಡಿನಲ್ಲಿ ಎಣ್ಣೆಯ ಅಂಶವಿದೆ, ಗಾಳಿ ತಾಕಿ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಸಿಪ್ಪೆಯೊಳಗಿನ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತದೆ. ಆದ್ದರಿಂದ ದಾಸ್ತಾನು ಇಡುವುದು ಕಾಳು, ಅಕ್ಕಿ ಮಾಡುವುದು ಆರ್ಡರ್ ಬಂದ ಮೇಲೆ. ಸುಗ್ಗಿಯ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಅಕ್ಕಿ ಮಾಡಿಟ್ಟ ಗಿರಣಿಗಳು ಬೇಸಿಗೆಯಲ್ಲಿ ಅದನ್ನು ಕೋಳಿ ಮೇವಿನ ಬೆಲೆಗೆ ಕೊಡಬೇಕಾಗುತ್ತದೆ.

ಕರೆಂಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಪಂಪ್‌ಸೆಟ್ಟಿನ ಸಂಪರ್ಕದಿಂದ ತಂತಿ ಎಳೆದು ಗಿರಣಿ ಓಡಿಸಬೇಡಿ. ಅದು ವಿದ್ಯುತ್ ದುರ್ಬಳಕೆ, ದಂಡ ಬೀಳುತ್ತದೆ. ಅಲ್ಲದೆ ಪಂಪ್‌ಸೆಟ್ ಫೀಡರಿಗೆ ತ್ರೀ ಫೇಸ್ ಬರುವುದು ದಿನದ ಕೆಲವು ಗಂಟೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಸಣ್ಣ ಕೈಗಾರಿಕೆಗೆ ಕೊಡುವ ಎಲ್‌ಟಿ-5 ಸಂಪರ್ಕಕ್ಕೆ ಅರ್ಜಿ ಹಾಕಿ, ಕಟ್ಟಡ ಬಾಡಿಗೆಗೆ ಹಿಡಿಯುವ ಮೊದಲೇ ಆ ಜಾಗಕ್ಕೆ ಯಾವ ಫೀಡರು ಬರುತ್ತದೆಂದು ಸೆಕ್ಷನ್ ಆಫೀಸಿನಲ್ಲಿ ಕೇಳಿ.

ಯಾವ ಹೆಸರಲ್ಲಿ ನೋಂದಣಿ

ಸ್ವಸಹಾಯ ಸಂಘ ಉಳಿತಾಯಕ್ಕೆ, ಒಳಸಾಲಕ್ಕೆ ಚೆನ್ನ. ಅರವತ್ತು ಮನೆಗಳ ಆಸ್ತಿಯನ್ನು, ಲಕ್ಷಗಟ್ಟಲೆ ದಾಸ್ತಾನನ್ನು ಹೊರಲು ಅದು ಸಾಲದು. ಉಳಿಯುವುದು ಎರಡು: ಸಹಕಾರಿ, ಇಲ್ಲವೇ ಜನ ಎಫ್‌ಪಿಒ ಎಂದು ಕರೆಯುವ ಉತ್ಪಾದಕರ ಕಂಪನಿ.

ಸಹಕಾರಿ ನಮ್ಮ ನೆಲಕ್ಕೆ ಹೊಸದಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಇಂದು ಕರ್ನಾಟಕದಲ್ಲಿ ಎರಡು ಕಾಯ್ದೆಗಳಿವೆ: 1959ರ ಸಹಕಾರ ಸಂಘಗಳ ಕಾಯ್ದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ. ಮೊದಲನೆಯದರಲ್ಲಿ ಇಲಾಖೆಯ ಹಿಡಿತ ಹೆಚ್ಚು, ಎರಡನೆಯದರಲ್ಲಿ ಸ್ವಾಯತ್ತತೆ ಹೆಚ್ಚು. ಎರಡರಲ್ಲೂ ಒಬ್ಬರಿಗೆ ಒಂದೇ ಮತ.

ಉತ್ಪಾದಕರ ಕಂಪನಿಯ ಅವಕಾಶ 2002ರ ತಿದ್ದುಪಡಿಯಿಂದ ಬಂದದ್ದು, ಈಗ 2013ರ ಕಂಪನಿ ಕಾಯ್ದೆಯೊಳಗೇ ಇದೆ. ಹತ್ತು ಜನ ಉತ್ಪಾದಕರಿದ್ದರೆ ಶುರು ಮಾಡಬಹುದು, ನಿರ್ದೇಶಕರು ಐದರಿಂದ ಹದಿನೈದು. ಎಷ್ಟೇ ಷೇರಿದ್ದರೂ ಒಬ್ಬ ಸದಸ್ಯರಿಗೆ ಒಂದೇ ಮತ. ಷೇರನ್ನು ಹೊರಗಿನವರಿಗೆ ಮಾರುವಂತಿಲ್ಲ. ಸಕ್ರಿಯ ಸದಸ್ಯರಿಗೆ ಮಾತ್ರ, ಅದೂ ಮುಖಬೆಲೆಗೆ, ಮಂಡಳಿಯ ಒಪ್ಪಿಗೆಯೊಂದಿಗೆ. ಕಂಪನಿಯ ವ್ಯವಹಾರಕ್ಕೆ ಎದುರಾಗುವ ವ್ಯಾಪಾರ ಇರುವವರು ಸದಸ್ಯರಾಗುವಂತಿಲ್ಲ, ಅಂದರೆ ಸಿರಿಧಾನ್ಯ ಕೊಳ್ಳುವ ವ್ಯಾಪಾರಿ ಒಳಗೆ ಬರುವಂತಿಲ್ಲ. ಈ ಕಾರಣಗಳಿಗಾಗಿ ನನ್ನ ಒಲವು ಇದರ ಕಡೆಗೆ.

ನಿಮ್ಮ ಪಹಣಿಯ ತೊಡಕಿಗೂ ಇಲ್ಲಿ ಉತ್ತರವಿದೆ. ಕಾಯ್ದೆಯ ಪ್ರಕಾರ ಉತ್ಪಾದಕ ಎಂದರೆ ಪ್ರಾಥಮಿಕ ಉತ್ಪನ್ನಕ್ಕೆ ಸಂಬಂಧಿಸಿದ ಯಾವುದೇ ಕೆಲಸದಲ್ಲಿ ತೊಡಗಿರುವವರು. ಜಮೀನಿನ ಮಾಲೀಕರೇ ಆಗಿರಬೇಕೆಂದು ಅದು ಹೇಳುವುದಿಲ್ಲ. ಬೇರೆಯವರ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುವವರು, ಅಪ್ಪನ ಹೊಲದಲ್ಲಿ ದುಡಿಯುವ ಮಗಳು, ಗಂಡನ ಹೊಲದ ಕಳೆ ತೆಗೆದು ಒಕ್ಕುವ ಹೆಂಡತಿ ಎಲ್ಲರೂ ಉತ್ಪಾದಕರೇ. ಆದರೆ ನೋಂದಣಿ ಮಾಡಿಸುವ ವೃತ್ತಿಪರರು ರೂಢಿಯಿಂದ ಪಹಣಿ ಕೇಳುತ್ತಾರೆ, ನೀವು ಸುಮ್ಮನೆ ಒಪ್ಪಿದರೆ ಸದಸ್ಯತ್ವದ ಪಟ್ಟಿ ಮನೆ ಯಜಮಾನರ ಪಟ್ಟಿಯಾಗುತ್ತದೆ. ಹೆಂಗಸರೂ ಎಳೆಯರೂ ಮೊದಲ ದಿನವೇ ಹೊರಗೆ. ಗ್ರಾಮ ಆಡಳಿತಾಧಿಕಾರಿ ಅಥವಾ ತಹಶೀಲ್ದಾರರಿಂದ ಕೃಷಿಯಲ್ಲಿ ತೊಡಗಿದ್ದಾರೆ ಎಂಬ ದೃಢೀಕರಣ ಕೇಳಿ ಪಡೆಯಿರಿ. ನಿಯಮಾವಳಿಯಲ್ಲಿ ಸದಸ್ಯತ್ವವನ್ನು ಹಿಡುವಳಿಗೆ ಕಟ್ಟದೆ, ಕೊಟ್ಟ ಮಾಲಿಗೂ ದುಡಿದ ದುಡಿಮೆಗೂ ಕಟ್ಟಿ. ಒಂದೇ ಮನೆಯಿಂದ ಇಬ್ಬರು ಸದಸ್ಯರಾಗಬಹುದು ಎಂದೂ, ಮಂಡಳಿಯಲ್ಲಿ ಮಾತ್ರ ಒಂದು ಮನೆಯಿಂದ ಒಬ್ಬರೇ ಎಂದೂ ಬರೆಸಿ.

ದೊಡ್ಡ ಹಿಡುವಳಿದಾರರ ಪ್ರಶ್ನೆಯನ್ನು ಜಗಳವಿಲ್ಲದೆ ಬಗೆಹರಿಸಬಹುದು. ಅವರು ಧಾನ್ಯ ಕೊಟ್ಟರೆ ಸದಸ್ಯರಾಗಲಿ, ಮತ ಒಂದೇ. ಅವರ ಅನುಭವ ನಿಜವಾಗಿ ಬೇಕಿದ್ದರೆ ತಜ್ಞ ನಿರ್ದೇಶಕರಾಗಿ ಕರೆಯಿರಿ. ಅಂಥವರ ಸಂಖ್ಯೆ ಒಟ್ಟು ನಿರ್ದೇಶಕರ ಐದನೇ ಒಂದು ಭಾಗ ಮೀರುವಂತಿಲ್ಲ, ಅಧ್ಯಕ್ಷರ ಆಯ್ಕೆಯಲ್ಲಿ ಅವರಿಗೆ ಮತವಿಲ್ಲ. ಆದರೆ ನಿಯಮಾವಳಿ ಅವಕಾಶ ಕೊಟ್ಟರೆ ತಜ್ಞ ನಿರ್ದೇಶಕರೇ ಅಧ್ಯಕ್ಷರಾಗಬಹುದು ಎಂಬ ಕಿಂಡಿಯೊಂದಿದೆ. ಆ ಸಾಲನ್ನು ನಿಮ್ಮ ನಿಯಮಾವಳಿಯಿಂದ ತೆಗೆಸಿ. ಹಿರಿಯರಿಗೆ ಹೇಳುವಾಗ ‘ನೀವು ಬೇಡ’ ಎನ್ನಬೇಡಿ. ಧಾನ್ಯದ ಗುಣಮಟ್ಟ ನೋಡುವ ಸಮಿತಿ, ಬಿತ್ತನೆ ಬೀಜ ಆರಿಸುವ ಸಮಿತಿ ಇಂಥ ಕಡೆ ಅವರ ಮಾತಿಗೆ ನಿಜವಾದ ತೂಕವಿದೆ. ಚೆಕ್ಕಿನ ಮೇಲೆ ಮಾತ್ರ ಅವರ ಸಹಿ ಬೇಡ.

ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರೊಬ್ಬರು ಇರಲೇಬೇಕು, ಅವರು ಸದಸ್ಯರಾಗಿರಬಾರದು ಎಂದು ಕಾಯ್ದೆ ಹೇಳುತ್ತದೆ. ನಿಮಗೆ ಇದು ಅನುಕೂಲ. ಹದಿನಾಲ್ಕರಲ್ಲಿ ಲೆಕ್ಕ ಚೆನ್ನಾಗಿ ಬರುವ ಒಬ್ಬರು ಸದಸ್ಯತ್ವ ತೆಗೆದುಕೊಳ್ಳದೆ ಆ ಕೆಲಸ ಹಿಡಿಯಲಿ, ಅವರ ತಾಯಿ ಸದಸ್ಯೆಯಾಗಲಿ. ಆದರೆ ಸಂಬಳ ಕೊಡಿ. ‘ನಮ್ಮ ಹುಡುಗಿ ತಾನೆ, ಸೇವೆ ಅಂತ ಮಾಡಲಿ’ ಎಂದು ಎರಡು ವರ್ಷ ಪುಕ್ಕಟೆ ದುಡಿಸಿಕೊಂಡ ಸಂಸ್ಥೆಗಳಿಗೆ ಮೂರನೇ ವರ್ಷ ಲೆಕ್ಕ ಬರೆಯುವವರೇ ಇರುವುದಿಲ್ಲ.

ಕಂಪನಿಯ ಕೆಟ್ಟ ಬದಿಯನ್ನೂ ಹೇಳಬೇಕು. ವಾರ್ಷಿಕ ಲೆಕ್ಕಪತ್ರ ಮತ್ತು ವಾರ್ಷಿಕ ವಿವರಣೆ ಸಲ್ಲಿಸುವುದು ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ ಬೀಳುತ್ತದೆ, ಅದಕ್ಕೆ ಮೇಲ್ಮಿತಿ ಇಲ್ಲ. ಒಂದು ವರ್ಷ ಮರೆತರೆ ಎರಡು ನಮೂನೆಗೆ 73,000. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರೆಲ್ಲ ಐದು ವರ್ಷ ಯಾವ ಕಂಪನಿಯಲ್ಲೂ ನಿರ್ದೇಶಕರಾಗುವಂತಿಲ್ಲ. 25 ವರ್ಷದ ಹುಡುಗಿಯ ಹೆಸರಿಗೆ ಇಂಥ ಕಪ್ಪುಚುಕ್ಕೆ ಹತ್ತಬಾರದು. ಲೆಕ್ಕ, ದಿನಾಂಕಗಳ ಜವಾಬ್ದಾರಿ ಹೊರುವವರು ನಿಮ್ಮಲ್ಲಿ ಒಬ್ಬರೂ ಇಲ್ಲ ಎನಿಸಿದರೆ ಸೌಹಾರ್ದವೇ ಮೇಲು.

ಸರ್ಕಾರದ ಯೋಜನೆಗಳನ್ನು ನೋಡಿಕೊಂಡು ಸಂಸ್ಥೆ ಕಟ್ಟಬೇಡಿ. 2020ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ 10,000 ಎಫ್‌ಪಿಒ ಯೋಜನೆಯಲ್ಲಿ ಬಯಲು ಸೀಮೆಗೆ ಕನಿಷ್ಠ 300 ಸದಸ್ಯರು ಬೇಕಿತ್ತು, ನಿರ್ವಹಣೆಗೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ ನೆರವಿತ್ತು. ನೆರವು ಒಳ್ಳೆಯದೇ. ಆದರೆ ತಲೆ ಎಣಿಕೆಗಾಗಿ 300 ಆಧಾರ್ ಜೆರಾಕ್ಸ್ ಕೂಡಿಸಿದ ಕಡೆ ಸದಸ್ಯರಿಗೆ ತಾವು ಸದಸ್ಯರೆಂಬುದೇ ಗೊತ್ತಿರುವುದಿಲ್ಲ. 60 ಮನೆಗಳು ತಮ್ಮ ಕೈಯಿಂದ ಷೇರು ಹಣ ಹಾಕಿ ಧಾನ್ಯ ತಂದು ಸುರಿಯುವುದು, ಕಾಗದದ ಮೇಲಿನ 300ಕ್ಕಿಂತ ಗಟ್ಟಿ.

ಹಣ ಬರುವ ದಾರಿ

ಈಗ ಆ 10 ಲಕ್ಷದವರ ವಿಷಯ. ಷೇರು ಬೇಡ, ಸಾಲವಾಗಿ ಪಡೆಯೋಣ ಎಂದು ನಿಮಗೆ ಹೊಳೆಯುತ್ತದೆ. ಇಲ್ಲೊಂದು ಗುಂಡಿ ಇದೆ. ಸದಸ್ಯರೂ ನಿರ್ದೇಶಕರೂ ಅಲ್ಲದ ವ್ಯಕ್ತಿಯಿಂದ ಕಂಪನಿ ಸಾಲ ಪಡೆದರೆ ಕಾಯ್ದೆ ಅದನ್ನು ಠೇವಣಿ ಎಂದು ಪರಿಗಣಿಸುತ್ತದೆ, ನಿಮ್ಮಂಥ ಸಣ್ಣ ಕಂಪನಿ ಹೊರಗಿನವರಿಂದ ಠೇವಣಿ ಪಡೆಯುವಂತಿಲ್ಲ. ಸರಿಯಾದ ದಾರಿ ಎಂದರೆ ಯಂತ್ರವನ್ನು ಅವರೇ ಕೊಂಡು ನಿಮಗೆ ಬಾಡಿಗೆಗೆ ಕೊಡುವುದು. ಒಪ್ಪಂದದಲ್ಲಿ ನಾಲ್ಕು ಮಾತು ಇರಲಿ: ತಿಂಗಳ ಬಾಡಿಗೆ ಇಷ್ಟು ಎಂದು ನಿಗದಿ, ಐದು ವರ್ಷದ ಒಳಗೆ ಯಾವಾಗ ಬೇಕಾದರೂ ಸವಕಳಿ ಕಳೆದ ಬೆಲೆಗೆ ಕೊಳ್ಳುವ ಹಕ್ಕು ನಿಮಗೆ, ಧಾನ್ಯವನ್ನು ಅವರಿಗೇ ಮಾರಬೇಕೆಂಬ ಷರತ್ತು ಇಲ್ಲ, ಬಾಡಿಗೆ ತಪ್ಪಿದರೆ ಯಂತ್ರ ಒಯ್ಯಬಹುದು, ದಾಸ್ತಾನು ಮುಟ್ಟುವಂತಿಲ್ಲ. ಇದಕ್ಕೆ ಅವರು ಒಪ್ಪಿದರೆ ಅವರ ಒಳ್ಳೆಯತನವೂ ಖಚಿತವಾಯಿತು.

ಧಾನ್ಯ ಕೊಳ್ಳುವ ಹಣ ಇದಕ್ಕಿಂತ ದೊಡ್ಡದು. 433 ಕ್ವಿಂಟಲನ್ನು ಸುಗ್ಗಿಯಲ್ಲೇ ಪೂರ್ತಿ ಹಣ ಕೊಟ್ಟು ಕೊಂಡರೆ 15 ಲಕ್ಷದ ಮೇಲೆ ಬೇಕು. ಕಾಯ್ದೆ ಒಂದು ಒಳ್ಳೆಯ ದಾರಿ ಕೊಟ್ಟಿದೆ: ಮಾಲು ಕೊಟ್ಟಾಗ ಬೆಲೆಯ ಒಂದು ಭಾಗ, ಮಾರಾಟವಾದ ಮೇಲೆ ಉಳಿದದ್ದು. 60% ಕೂಡಲೇ ಕೊಟ್ಟರೆ 9 ಲಕ್ಷ ಚಿಲ್ಲರೆ ಸಾಕು. ಆದರೆ ಉಳಿಕೆ ಹಣ ರೈತರು ನಿಮಗೆ ಕೊಟ್ಟ ಸಾಲ ಎಂಬುದನ್ನು ಮರೆಯಬೇಡಿ. ಮೇಲಿನ ಲೆಕ್ಕದಲ್ಲಿ 140 ರೂಪಾಯಿ ಬಡ್ಡಿ ಹಿಡಿದದ್ದು ಅದಕ್ಕೇ, ಅದರಲ್ಲಿ ಉಳಿಕೆಯ ಪಾಲು ರೈತರಿಗೇ ಸೇರಬೇಕು. ಯಾವ ತಾರೀಖಿಗೆ ಕೊಡುತ್ತೀರೆಂದು ರಸೀದಿಯಲ್ಲೇ ಬರೆಯಿರಿ. ಆ ತಾರೀಖು ಒಮ್ಮೆ ತಪ್ಪಿದರೆ ಮುಂದಿನ ವರ್ಷ ಮಾಲು ಬರುವುದಿಲ್ಲ.

ವ್ಯಾಪಾರಿಯ ಬಲ ಬೆಲೆಯಲ್ಲಿಲ್ಲ, ಮುಂಗಡದಲ್ಲಿದೆ. ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ರಾತ್ರೋರಾತ್ರಿ ಕೈಬದಲು ಕೊಡುವವರು ಅವರೇ. ಆ ಋಣಕ್ಕೆ ಸುಗ್ಗಿಯಲ್ಲಿ ಧಾನ್ಯ ಅವರ ಗೋದಾಮಿಗೆ ಹೋಗುತ್ತದೆ, ನೀವು ಎರಡು ರೂಪಾಯಿ ಹೆಚ್ಚು ಕೊಡುತ್ತೇವೆ ಎಂದರೂ ಪ್ರಯೋಜನವಿಲ್ಲ. ಹಾಗಾಗಿ ನಿಮ್ಮ ಕೆಲಸ ಮುಂಗಾರಿಗೆ ಮೊದಲೇ ಶುರು. ಯಾವ ಮನೆಗೆ ಎಷ್ಟು ಮುಂಗಡವಿದೆ, ಎಂಥ ಷರತ್ತಿನ ಮೇಲೆ ಎಂದು ಮನೆಮನೆಗೆ ಹೋಗಿ ತಿಳಿಯಿರಿ. ಪಹಣಿ ಇರುವವರನ್ನು ಕೃಷಿ ಪತ್ತಿನ ಸಂಘದ ಬೆಳೆಸಾಲಕ್ಕೆ ಕರೆದೊಯ್ಯಿರಿ. ರಾಜ್ಯದಲ್ಲಿ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ, 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಪಹಣಿ ಇಲ್ಲದವರಿಗೆ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದ ಒಳಸಾಲ. ಎಲ್ಲರ ಸಾಲವನ್ನೂ ಒಂದೇ ವರ್ಷದಲ್ಲಿ ಬಿಡಿಸಲಾಗದು. ಮೊದಲ ವರ್ಷ ಮುಂಗಡ ಇಲ್ಲದ ಮನೆಗಳಿಂದ ಮಾತ್ರ ಕೊಳ್ಳಿ.

ತೂಕ, ಚೀಟಿ, ಒಟಿಪಿ

ನ್ಯಾಯ ಎಂಬುದು ಕೊಳ್ಳುವ ಕಟ್ಟೆಯ ಮೇಲೆ ಕಾಣಬೇಕು. ಮುದ್ರೆ ಹಾಕಿಸಿದ ಎಲೆಕ್ಟ್ರಾನಿಕ್ ತಕ್ಕಡಿ, ಅದರ ಅಂಕಿ ರೈತರ ಕಡೆಗೆ ತಿರುಗಿರಲಿ. ಖಾಲಿ ಚೀಲದ ತೂಕ ಮಾತ್ರ ಕಳೆಯಬೇಕು, ಮಂಡಿಯಲ್ಲಿ ಸೂಟು ಎಂದು ಕಳೆಯುವ ಹೆಚ್ಚುವರಿ ತೂಕ ಇಲ್ಲಿ ಇರಬಾರದು. ತೇವಕ್ಕೆ, ಕಲ್ಲಿಗೆ ಎಷ್ಟು ಕಡಿತ ಎಂಬುದು ಗೋಡೆಯ ಮೇಲೆ ಬರೆದಿರಲಿ. ಚೀಟಿ ಕನ್ನಡದಲ್ಲಿ, ತಂದವರ ಹೆಸರಲ್ಲಿ. ಹೆಂಗಸರು ತಂದರೆ ಹಣ ಅವರ ಖಾತೆಗೇ. ಹಳ್ಳಿಯ ಹಾಲಿನ ಡೇರಿ ಬಾಳಿಕೆ ಬಂದದ್ದು ಹಾಲು ಹಾಕಿದವರ ಎದುರೇ ಅಳತೆ, ಅವರ ಪುಸ್ತಕದಲ್ಲೇ ಬರಹ ಎಂಬ ಶಿಸ್ತಿನಿಂದ. ಕೂಲಿಯ ಮಾತೂ ಇಲ್ಲೇ ಬರುತ್ತದೆ. ಒಂದೇ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಕೂಲಿ ಕೊಡುವುದು 1976ರಿಂದಲೇ ಕಾನೂನಿಗೆ ವಿರುದ್ಧ. ಧಾನ್ಯ ಕೇರುವ, ಕಲ್ಲು ಆರಿಸುವ ಕೆಲಸ ‘ಹೆಂಗಸರ ಕೆಲಸ’ ಎಂದು ಅಗ್ಗವಾಗಿ ಹಿಡಿದು ಲಾಭ ತೋರಿಸಬೇಡಿ. ಅದು ಲಾಭವಲ್ಲ, ಅವರ ಜೇಬಿನಿಂದ ತೆಗೆದದ್ದು.

ಅಧಿಕಾರ ಕೈ ಜಾರುವುದು ಹೆಚ್ಚಾಗಿ ಸಭೆಯಲ್ಲಲ್ಲ, ಮೂರು ಸಣ್ಣ ವಸ್ತುಗಳ ಮೂಲಕ. ಒಂದು, ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ನಂಬರು. ಚೆಕ್ಕಿಗೆ ಎರಡು ಸಹಿ ಇಟ್ಟು, ಒಟಿಪಿ ಮಾತ್ರ ಅಧ್ಯಕ್ಷರ ಮಗನ ಫೋನಿಗೆ ಹೋಗುತ್ತಿದ್ದರೆ ಆ ಎರಡು ಸಹಿಗೆ ಬೆಲೆಯಿಲ್ಲ. ಸಂಸ್ಥೆಯದೇ ಸಿಮ್ ಕೊಂಡು, ಆ ಫೋನು ಕಚೇರಿಯಲ್ಲೇ ಇರಲಿ. ನೆಟ್ ಬ್ಯಾಂಕಿಂಗಿನಲ್ಲಿ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪುವ ವ್ಯವಸ್ಥೆ ಕೇಳಿ. ಎರಡು, ನಿರ್ದೇಶಕರ ಡಿಜಿಟಲ್ ಸಹಿಯ ಟೋಕನ್. ಪೆನ್‌ಡ್ರೈವ್‌ನಂತೆ ಕಾಣುವ ಅದು ಸಾಮಾನ್ಯವಾಗಿ ಆಡಿಟರ ಮೇಜಿನ ಡ್ರಾಯರಿನಲ್ಲೇ ಉಳಿದುಬಿಡುತ್ತದೆ. ಅದು ನಿಮ್ಮ ಸಹಿ, ಕೆಲಸ ಮುಗಿದೊಡನೆ ವಾಪಸು ತನ್ನಿ. ಮೂರು, ಸರ್ಕಾರಿ ಪೋರ್ಟಲುಗಳ ಪಾಸ್‌ವರ್ಡು ಮತ್ತು ಇಮೇಲು. ಇಬ್ಬರಿಗಾದರೂ ಗೊತ್ತಿರಲಿ, ಹುದ್ದೆ ಬದಲಾದ ದಿನ ಬದಲಿಸಿ.

ನಿಯಮಾವಳಿ ಇಂಗ್ಲಿಷಿನಲ್ಲಿ ನೋಂದಣಿಯಾದರೂ ಅದರ ಕನ್ನಡ ಪ್ರತಿ ಮಾಡಿಸಿ, ಮೊದಲ ಸರ್ವಸದಸ್ಯರ ಸಭೆಯಲ್ಲಿ ಸಾಲುಸಾಲಾಗಿ ಓದಿ. ಆ ಸಭೆ ನೋಂದಣಿಯಾದ 90 ದಿನದೊಳಗೆ ಆಗಬೇಕು, 14 ದಿನ ಮೊದಲು ತಿಳಿವಳಿಕೆ ಪತ್ರ ಹೋಗಬೇಕು, ಕಾಲುಭಾಗ ಸದಸ್ಯರು ಹಾಜರಿರಬೇಕು. ಮಂಡಳಿಯಲ್ಲಿ ಅರ್ಧ ಹೆಂಗಸರು, ಮೂರನೇ ಒಂದು ಭಾಗ 35ರ ಒಳಗಿನವರು, ಸತತ ಎರಡು ಅವಧಿಗಿಂತ ಹೆಚ್ಚು ಯಾರೂ ಇಲ್ಲ ಎಂದು ಬರೆಸಿ. ಎಳೆಯರಾದ ನಿಮಗೂ ಈ ಅವಧಿಯ ಮಿತಿ ಅನ್ವಯಿಸಬೇಕು.

ಭೂಮಿಗೆ ಒಳ್ಳೆಯದಾಗಬೇಕು ಎಂದಿದ್ದೀರಿ. ಹೆಚ್ಚು ಅಕ್ಕಿ ಕೊಡುವ ಒಂದೇ ಧಾನ್ಯಕ್ಕೆ ಒಳ್ಳೆಯ ಬೆಲೆ ಕೊಟ್ಟು ಉಳಿದದ್ದನ್ನು ತಳ್ಳಿದರೆ ಮೂರು ವರ್ಷದಲ್ಲಿ ಊರೆಲ್ಲ ಅದೇ ಬೆಳೆಯಾಗುತ್ತದೆ, ಮುಖ್ಯ ಬೆಳೆಯ ನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲು ಮಾಯವಾಗುತ್ತದೆ. ಅಕ್ಕಡಿಯಲ್ಲಿ ಬೆಳೆದ ಅವರೆ, ತೊಗರಿ, ಹುರುಳಿಯನ್ನೂ ಸ್ವಲ್ಪ ಸ್ವಲ್ಪವಾದರೂ ಕೊಳ್ಳಿ. ಕೊರಲೆಯ ಸಿಪ್ಪೆ ತೆಗೆಯುವ ಹೆಚ್ಚುವರಿ ಖರ್ಚನ್ನು ಕೊರಲೆಯ ಮೇಲೇ ಹೊರಿಸದೆ ಮೂರೂ ಧಾನ್ಯಗಳಿಗೆ ಹಂಚಿ. ಪ್ರತಿ ಮನೆಯೂ ಎಕರೆಗೆ 4 ಕೆ.ಜಿ.ಯಂತೆ ಬೀಜ ಎತ್ತಿಟ್ಟ ಮೇಲೆಯೇ ಉಳಿದದ್ದನ್ನು ಕೊಳ್ಳಿ. ಪೊಟ್ಟಣದ ಮೇಲೆ ‘ಸಾವಯವ’ ಎಂದು ಪ್ರಮಾಣಪತ್ರವಿಲ್ಲದೆ ಬರೆಯಬೇಡಿ. ರೈತರೇ ಒಬ್ಬರ ಹೊಲ ಇನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಪದ್ಧತಿಯಲ್ಲಿ ಐದು ಜನ ರೈತರಿದ್ದರೆ ಗುಂಪು ಮಾಡಬಹುದು. ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’ ಎಂದು ಬರೆಯುವುದಂತೂ ಕಾನೂನಿನ ಪ್ರಕಾರ ಅಪರಾಧ. ಆಹಾರ ಸುರಕ್ಷತಾ ನೋಂದಣಿ, ತೂಕ, ಗರಿಷ್ಠ ಬೆಲೆ, ತಯಾರಿಸಿದ ದಿನ, ವಿಳಾಸ ಇವು ಇರಲೇಬೇಕು. ಲೇಬಲ್ ಹಾಕಿದ 25 ಕೆ.ಜಿ.ವರೆಗಿನ ಪೊಟ್ಟಣಕ್ಕೆ 5% ಜಿಎಸ್‌ಟಿ ಇದೆ, ಬೆಲೆ ಹೇಳುವಾಗ ಸೇರಿಸಿಕೊಳ್ಳಿ.

ಈ ಸುಗ್ಗಿಯಲ್ಲಿ ಏನು ಮಾಡಬೇಕು? ನೋಂದಣಿ ಬೇಡ, ಯಂತ್ರವೂ ಬೇಡ. ಹದಿನಾಲ್ಕು ಜನ ತಲಾ 5,000 ಹಾಕಿದರೆ 70,000. ಇಪ್ಪತ್ತು ಕ್ವಿಂಟಲ್ ಕೊಳ್ಳಿ, 60% ಮುಂಗಡವೆಂದರೆ 42,000. ಸಾಗಣೆ, ಸ್ವಚ್ಛತೆ, ಬೇರೆಯವರ ಗಿರಣಿಯಲ್ಲಿ ಕೂಲಿಗೆ ಸಿಪ್ಪೆ ತೆಗೆಸುವುದು, ಪ್ಯಾಕಿಂಗು ಎಲ್ಲ ಸೇರಿ ಮೇಲಿನ ಲೆಕ್ಕದಂತೆ 23,680. ಕೈಯಲ್ಲಿ ನಾಲ್ಕು ಸಾವಿರ ಚಿಲ್ಲರೆ ಉಳಿಯುತ್ತದೆ. ಆಹಾರ ನೋಂದಣಿಯನ್ನು ನಿಮ್ಮಲ್ಲಿರುವ ಸ್ವಸಹಾಯ ಸಂಘದ ಹೆಸರಲ್ಲಿ ಮಾಡಿಸಬಹುದು. ಅಕ್ಕಿಯ ಪ್ರಮಾಣ, ಮಾರಾಟಕ್ಕೆ ಹಿಡಿದ ದಿನ, ಅಂಗಡಿಯವರು ಹಣ ಕೊಡಲು ತೆಗೆದುಕೊಂಡ ದಿನ ಈ ಮೂರನ್ನು ಬರೆದಿಡಿ. ರೈತರ ಉಳಿಕೆಯನ್ನು ಹೇಳಿದ ತಾರೀಖಿಗೆ ಕೊಟ್ಟು, ಆಮೇಲೆ ಊರ ಮುಂದೆ ಲೆಕ್ಕ ಓದಿ ಷೇರು ಕೇಳಿ.

ಕೊನೆಯದಾಗಿ ಒಂದು ವಿಷಯ, ನಿಮ್ಮ ಪತ್ರದಲ್ಲಿ ಇಲ್ಲದ್ದು. ಹದಿನಾಲ್ಕರಲ್ಲಿ ಕೆಲವರು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ, ಕೆಲವರು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅದಕ್ಕೆ ಈಗಲೇ ಏರ್ಪಾಡು ಮಾಡಿ. ಸದಸ್ಯತ್ವದ ವ್ಯಾಪ್ತಿ ಮೂರು ಹಳ್ಳಿ ಎಂದಲ್ಲ, ಮಧುಗಿರಿ ಮತ್ತು ಅಕ್ಕಪಕ್ಕದ ತಾಲ್ಲೂಕುಗಳು ಎಂದು ಬರೆಸಿ. ಪಾವಗಡಕ್ಕೋ ಕೊರಟಗೆರೆಗೋ ಮದುವೆಯಾಗಿ ಹೋದ ಹುಡುಗಿ ಅಲ್ಲಿಂದಲೂ ಧಾನ್ಯ ತಂದು ಸದಸ್ಯೆಯಾಗಿಯೇ ಉಳಿಯುತ್ತಾಳೆ. ಬಿಟ್ಟು ಹೋಗುವವರ ಷೇರು ಹಣ ಎಷ್ಟು ತಿಂಗಳಲ್ಲಿ ವಾಪಸು ಎಂಬುದು ನಿಯಮಾವಳಿಯಲ್ಲಿರಲಿ. ತಕ್ಕಡಿ, ಯಂತ್ರ, ಲೆಕ್ಕ, ಮಾರಾಟ ಪ್ರತಿಯೊಂದಕ್ಕೂ ಇಬ್ಬರು ತಯಾರಿರಲಿ, ಆ ಇಬ್ಬರಲ್ಲಿ ಒಬ್ಬರು ಊರಲ್ಲೇ ಉಳಿಯುವ ನಡುವಯಸ್ಸಿನ ಹೆಂಗಸರಾಗಿರಲಿ.